ಮಳೆಯ ಲೆಕ್ಕ, ದಂಡಿನ ಲೆಕ್ಕ



ಮಳೆಯ ಲೆಕ್ಕ ಹಾಕುವವನು ಒಕ್ಕಲಿಗನೊಬ್ಬನೇ ಎಂದು ನಾವು ತಿಳಿದಿರುತ್ತೇವೆ. ರೋಹಿಣಿ ಸುರಿಯಿತೋ, ಮಿರಗ ಕೂಡಿತೋ, ಹಸ್ತ ಹುಸಿಹೋಯಿತೋ ಎಂದು ಮುಗಿಲ ಕಡೆ ಮುಖ ಮಾಡಿ ನಿಲ್ಲುವುದು ನಮ್ಮ ಪಾಲಿಗೆ ಬಂದ ಕೆಲಸ. ಆದರೆ ನಮ್ಮ ಹಾಗೆಯೇ ಮುಗಿಲು ನೋಡಿ ಹೆಜ್ಜೆ ಇಡುತ್ತಿದ್ದವರು ಇನ್ನೂ ಒಬ್ಬರಿದ್ದರು. ಅವರೇ ದಂಡಿನವರು. ಲೆಕ್ಕ ತಪ್ಪಿದರೆ ನಮಗೆ ಒಂದು ವರ್ಷದ ಪೀಕು ಹೋಗುತ್ತದೆ. ಅವರಿಗೆ ಸಾವಿರಾರು ಜೀವ ಹೋಗುತ್ತಿತ್ತು, ಕೆಲವು ಸಲ ರಾಜ್ಯವೇ ಹೋಗುತ್ತಿತ್ತು. ಇಂಥ ಲೆಕ್ಕದ ಒಂದು ದೊಡ್ಡ ಪಾಠ ನಡೆದದ್ದು ದೂರ ಎಲ್ಲೋ ಅಲ್ಲ. ನಮ್ಮ ಮಲಪ್ರಭೆಯ ದಂಡೆಯಲ್ಲಿ, ಸವದತ್ತಿ ಸೀಮೆಯ ಮುನವಳ್ಳಿಯ ಎದುರಿಗೆ.

ದಸರೆಯಲ್ಲಿ ನಾವು ಬನ್ನಿ ಮುಡಿಯುತ್ತೇವೆ. ‘ಬನ್ನಿ ತಗೊಂಡು ಬಂಗಾರದ್ಹಾಂಗ ಇರೋಣು’ ಎಂದು ಹಿರಿಯರ ಕಾಲು ಮುಟ್ಟುತ್ತೇವೆ. ಊರ ಸೀಮೆ ದಾಟಿ ಹೋಗಿ ಬರುವ ಪದ್ಧತಿಗೆ ಸೀಮೋಲ್ಲಂಘನ ಎಂಬ ಹೆಸರು ಏಕೆ ಬಂತು? ಮಳೆಗಾಲ ಮುಗಿಯುವ ತನಕ ದಂಡು ಊರು ಬಿಡುತ್ತಿರಲಿಲ್ಲ. ವಿಜಯದಶಮಿಗೆ ಆಯುಧ ಪೂಜೆ ಮಾಡಿ, ಸೀಮೆ ದಾಟಿ ಹೊರಡುತ್ತಿತ್ತು. ಇದು ಬರಿಯ ಶಾಸ್ತ್ರವಲ್ಲ, ಅನುಭವದ ಮಾತು. ಎರೆ ನೆಲದಲ್ಲಿ ಮಳೆ ಬಿದ್ದರೆ ಬರಿ ಚಕ್ಕಡಿಯೇ ಗಾಲಿ ಹುಗಿದುಕೊಂಡು ನಿಲ್ಲುತ್ತದೆ. ಹತ್ತಾರು ಜೋಡಿ ಎತ್ತು ಹೂಡಿ ಎಳೆಯುವ ತೋಫಿನ ಗತಿ ಏನು? ಸೇತುವೆಯೇ ಇಲ್ಲದ ಕಾಲದಲ್ಲಿ ತುಂಬಿದ ಹೊಳೆಯನ್ನು ಹಾಯುವುದು ಹೇಗೆ? ದಂಡಿನ ಕಾಳು ಎತ್ತಿನ ಹೇರಿನ ಮೇಲೆ ಬರಬೇಕು. ಆ ಹೇರು ತರುತ್ತಿದ್ದವರು ಲಮಾಣಿಗಳು. ಎತ್ತು ನಿಂತರೆ ಕಾಳು ನಿಂತಿತು, ಕಾಳು ನಿಂತರೆ ದಂಡು ನಿಂತಿತು.

ಈ ಮಾತನ್ನು ಲೆಕ್ಕಕ್ಕೆ ಹಿಡಿಯದೆ ಹೋದವರಿಗೆ ಏನಾಯಿತೆಂಬುದನ್ನು ಮೊದಲು ನೋಡೋಣ. 1791ರಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಮಾರ್ಚ್ ತಿಂಗಳಲ್ಲಿ ಬೆಂಗಳೂರು ಹಿಡಿದು, ಅಲ್ಲಿಂದ ಟೀಪೂ ಸುಲ್ತಾನನ ರಾಜಧಾನಿ ಶ್ರೀರಂಗಪಟ್ಟಣದ ಮೇಲೆ ನಡೆದನು. ಮೇ 15ರಂದು ಅರಕೆರೆಯ ಹತ್ತಿರ ಕಾಳಗವಾಯಿತು, ಗೆದ್ದವನು ಕಾರ್ನ್‌ವಾಲಿಸನೇ. ಆದರೂ ಆತನಿಗೆ ಪಟ್ಟಣ ಸಿಗಲಿಲ್ಲ. ಮಳೆ ಹತ್ತಿತು, ಕಾವೇರಿ ಏರತೊಡಗಿತು, ಮೇವು ಮುಗಿಯಿತು, ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ಅಷ್ಟು ದೂರ ಎಳೆದು ತಂದ ದೊಡ್ಡ ತೋಫುಗಳನ್ನು ತಿರುಗಿ ಎಳೆದೊಯ್ಯಲು ಎತ್ತಿಲ್ಲದೆ, ತನ್ನ ಕೈಯಿಂದಲೇ ಒಡೆಸಿಹಾಕಿ ಹಿಂದಿರುಗಬೇಕಾಯಿತು. ಧಾರವಾಡದ ಮುತ್ತಿಗೆ ಮುಗಿಸಿ ಬರುತ್ತಿದ್ದ ಪರಶುರಾಮ ಭಾವು ಪಟವರ್ಧನನ ಮರಾಠಾ ದಂಡು ಕಾಳುಕಡಿ ಸಮೇತ ಆತನನ್ನು ಕೂಡಿಕೊಂಡಿತು. ಆದರೆ ಅಷ್ಟರೊಳಗೆ ತೋಫುಗಳು ಒಡೆದುಹೋಗಿದ್ದವು. ರಣದಲ್ಲಿ ಗೆದ್ದವನು ಮಳೆಗೆ ಸೋತ. ಮರುವರ್ಷ, 1792ರಲ್ಲಿ, ಅದೇ ಕಾರ್ನ್‌ವಾಲಿಸನು ಫೆಬ್ರುವರಿಯಲ್ಲೇ ಬಂದನು.

1799ರಲ್ಲಿ ಈ ಪಾಠ ಮತ್ತೊಮ್ಮೆ ಮುಂದೆ ನಿಂತಿತು. ಜನರಲ್ ಹ್ಯಾರಿಸನ ದಂಡು ಏಪ್ರಿಲ್ ಮೊದಲ ವಾರದಲ್ಲಿ ಶ್ರೀರಂಗಪಟ್ಟಣದ ಮುಂದೆ ಬಂದು ಇಳಿಯಿತು. ಒಳಗಿದ್ದವರಿಗೆ ಒಂದೇ ಆಸೆ: ಕಾವೇರಿ ತುಂಬುವ ತನಕ ತಡೆದರೆ ಸಾಕು. ಹೊರಗಿದ್ದವರಿಗೆ ಒಂದೇ ಅವಸರ: ಕಾವೇರಿ ತುಂಬುವ ಮೊದಲೇ ಮುಗಿಸಬೇಕು. ದಂಡಿನ ಅಕ್ಕಿಯೂ ಕರಗುತ್ತ ಬಂದಿತ್ತು. ಮೇ 4ರ ಮಧ್ಯಾಹ್ನ, ಹೊಳೆಯಲ್ಲಿ ಇನ್ನೂ ಬಂಡೆಗಳು ಕಾಣುತ್ತಿದ್ದಾಗಲೇ, ದಂಡು ಕಾವೇರಿ ಹಾಯ್ದು ಕೋಟೆಗೆ ನುಗ್ಗಿತು. ಟೀಪೂ ಸುಲ್ತಾನನು ಅಲ್ಲಿಯೇ ಕಾದಾಡಿ ಬಿದ್ದನು. ಮಳೆಗಾಲಕ್ಕೆ ಇನ್ನು ಕೆಲವೇ ವಾರ ಉಳಿದಿತ್ತು. ಆ ಕೆಲವು ವಾರಗಳಲ್ಲಿ ಮೈಸೂರು ಸೀಮೆಯ ಚರಿತ್ರೆಯೇ ಬೇರೆಯಾಯಿತು.

ಆ ದಂಡಿನಲ್ಲಿ ಆರ್ಥರ್ ವೆಲ್ಲೆಸ್ಲಿ ಎಂಬ ಕರ್ನಲ್ ಇದ್ದನು. ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಬಿಡುಗಡೆಯಾದ ಧೋಂಡಿಯಾ ವಾಘ ಎಂಬ ಚನ್ನಗಿರಿಯ ವೀರನೂ ಇದ್ದನು. ಧೋಂಡಿಯಾ ಹೊರಗೆ ಬಂದವನೇ ಕೆಲಸ ಕಳೆದುಕೊಂಡ ಸವಾರರನ್ನು ಕೂಡಿಸಿಕೊಂಡು, ಉಭಯ ಲೋಕಗಳ ದೊರೆ ಎಂದು ಹೆಸರಿಟ್ಟುಕೊಂಡು, ನಮ್ಮ ಸೀಮೆಯಲ್ಲೆಲ್ಲ ಸಂಚರಿಸಿದನು. ಆತನ ಬಲ ಕುದುರೆಯ ಕಾಲಿನಲ್ಲಿತ್ತು. ಇಂದು ಇಲ್ಲಿ, ನಾಳೆ ಇಪ್ಪತ್ತು ಹರದಾರಿ ಆಚೆ. ಅಂಥವನನ್ನು ಬೆನ್ನಟ್ಟಿ ಹಿಡಿಯುವುದು ಕಾಲಾಳು ದಂಡಿಗೆ ಆಗುವ ಮಾತಲ್ಲ.

ವೆಲ್ಲೆಸ್ಲಿ ಆತನ ಬೆನ್ನು ಹತ್ತಿದ್ದು 1800ರ ಮಳೆಗಾಲದಲ್ಲಿ. ದಂಡು ಮನೆಯಲ್ಲಿ ಕೂಡ್ರುವ ಕಾಲದಲ್ಲಿ ಈತ ಹೊರಟನು. ಅದಕ್ಕೆ ಎರಡು ಆಧಾರಗಳಿದ್ದವು. ಒಂದು, ಮೈಸೂರು ಅರಸರ ಕಾಲದಿಂದ ಬೆಳೆದುಬಂದ ಅಮೃತಮಹಲ್ ಎತ್ತುಗಳು. 1791ರಲ್ಲಿ ಕಾರ್ನ್‌ವಾಲಿಸನಿಗೆ ಇಲ್ಲದೆ ಹೋದದ್ದು ಇಂಥ ಎತ್ತೇ. ಕೆಸರಿರಲಿ, ಕಲ್ಲಿರಲಿ, ಸವಾರರ ಬೆನ್ನಿಗೇ ತೋಫು ಎಳೆದು ತರುವ ತಳಿ ಅದು. ಇನ್ನೊಂದು ಆಧಾರ, ಹೊಳೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಅಲ್ಲಿ ಬೀಳುವ ಮಳೆ ಸವದತ್ತಿ, ರಾಮದುರ್ಗಗಳಲ್ಲಿ ಬೀಳುವ ಮಳೆಯ ಎಷ್ಟೋ ಪಟ್ಟು. ಆದ್ದರಿಂದ ಮುನವಳ್ಳಿಯಲ್ಲಿ ಮುಗಿಲು ತೆರವಾಗಿ ಬಿಸಿಲು ಬಿದ್ದಿದ್ದರೂ ಹೊಳೆ ದಂಡೆ ಮುಟ್ಟಿ ಹರಿಯಬಹುದು. ‘ಇಲ್ಲಿ ಹನಿ ಬಿದ್ದಿಲ್ಲ, ಹೊಳಿ ಹ್ಯಾಂಗ ಬಂತು?’ ಎಂದು ಹೊಸಬರು ಕೇಳುತ್ತಾರೆ. ದಂಡೆಯ ಮೇಲಿನ ಊರವರು ಕೇಳುವುದಿಲ್ಲ. ಅವರಿಗೆ ಗೊತ್ತು, ಹೊಳೆಯ ನೀರು ಮೇಲಿನ ಊರಿನ ಮಳೆ. ವರದಾ, ತುಂಗಭದ್ರಾ, ಘಟಪ್ರಭಾ, ಕೃಷ್ಣಾ ಇವೂ ಹಾಗೆಯೇ. ಪಡುವಣ ಬೆಟ್ಟದಲ್ಲಿ ಮಿರಗ, ಆರಿದ್ರಾ ಮಳೆಗಳು ಹಿಡಿದವೆಂದರೆ ಒಂದರ ಹಿಂದೊಂದು ತುಂಬುತ್ತವೆ.

ವೆಲ್ಲೆಸ್ಲಿ ಇದನ್ನು ತಿಳಿದುಕೊಂಡನು. ಕುದುರೆಯ ದಂಡಿಗೆ ಬಯಲೇ ಬಲ. ತುಂಬಿದ ಹೊಳೆ ಅಡ್ಡ ಬಂದರೆ ಆ ಬಲ ಅಲ್ಲಿಗೆ ನಿಂತಿತು. ದೋಣಿ ಇದ್ದವನಿಗೆ ಹೊಳೆ ದಾರಿಯಾಗುತ್ತದೆ, ದೋಣಿ ಇಲ್ಲದವನಿಗೆ ಗೋಡೆಯಾಗುತ್ತದೆ.

1800ರ ಜುಲೈ 26ರಂದು ಆತ ಡಂಬಳದ ಕೋಟೆ ಹಿಡಿದನು. ಮುಂದೆ ನಾಲ್ಕೇ ದಿನಕ್ಕೆ, ಜುಲೈ 30ರಂದು, ಪುಷ್ಯ ಆಶ್ಲೇಷಾ ಮಳೆಗಳ ಸಂಧಿಕಾಲದಲ್ಲಿ, ಮುನವಳ್ಳಿಯ ಎದುರು ದಂಡೆಯಲ್ಲಿ ಬೀಡುಬಿಟ್ಟಿದ್ದ ಧೋಂಡಿಯಾನ ದಂಡಿನ ಮೇಲೆ ಸವಾರರೊಡನೆ ಒಮ್ಮೆಲೆ ಬಿದ್ದನು. ಮುಂದೆ ವೈರಿ, ಬೆನ್ನಿಗೆ ಮಲಪ್ರಭೆಯ ಮಹಾಪೂರ. ಓಡಲು ದಾರಿ ಉಳಿಯಲಿಲ್ಲ. ಸುಮಾರು 5,000 ಜನ ಹೊಳೆಯಲ್ಲಿ ಮುಳುಗಿ ಸತ್ತರೆಂದು ವೆಲ್ಲೆಸ್ಲಿಯೇ ಕಾಗದ ಬರೆದನು. ಅಷ್ಟೂ ಮಂದಿ ಕತ್ತಿ ಹಿಡಿದವರೇ ಆಗಿರಲಿಕ್ಕಿಲ್ಲ. ಆ ಕಾಲದ ದಂಡಿನ ಬೀಡು ಎಂದರೆ ಒಂದು ಊರೇ. ಹೆಂಗಸರು, ಮಕ್ಕಳು, ಅಂಗಡಿಕಾರರು, ಹುಲ್ಲು ತರುವವರು, ದನಕಾಯುವವರು ಎಲ್ಲರೂ ಅದರಲ್ಲಿರುತ್ತಿದ್ದರು. ಇಂದು ಮುನವಳ್ಳಿಯ ಹೊಳೆಯಲ್ಲಿ ದನ ಮೈತೊಳೆಯುವಾಗ ಈ ಮಾತು ಒಂದು ಸಲ ನೆನಪಾಗಬೇಕು. ದಂಡಿನ ಲೆಕ್ಕ ಸರಿಬಂತೆಂದು ನಾವು ಕೇಳುವ ಕಡೆಯಲ್ಲೆಲ್ಲ ಇಂಥ ಜೀವಗಳು ಆ ಲೆಕ್ಕದ ಹೊರಗೆ ಉಳಿದಿರುತ್ತವೆ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ ನೋಡ್ರಿ. ಧೋಂಡಿಯಾ ತಪ್ಪಿಸಿಕೊಂಡನು. ಕೆಳಗೆ ಹೊಳೆ ತುಂಬಿದ್ದರೆ ಏನಾಯಿತು, ಮೂಲದ ಕಡೆ ಅದು ಸಣ್ಣದಿರುತ್ತದೆ ಎಂಬ ಲೆಕ್ಕ ಆತನಿಗೂ ಗೊತ್ತಿತ್ತು. ಮೇಲಿನ ಕಾಡು ಹಾಯ್ದು, ಹೊಳೆ ಸುತ್ತಿಹಾಕಿ, ಆಚೆ ದಂಡೆಗೆ ಹೋದನು. ವೆಲ್ಲೆಸ್ಲಿಗೋ ದೋಣಿ ಸಿದ್ಧಪಡಿಸಿಕೊಂಡು ದಾಟುವ ತನಕ ಈಚೆ ದಂಡೆಯಲ್ಲೇ ದಿನ ಕಳೆಯಬೇಕಾಯಿತು. ಆಮೇಲೆ ಮಲಪ್ರಭೆ, ಕೃಷ್ಣೆ ಎರಡರ ನಡುವೆ ಆತನನ್ನು ಕಟ್ಟಿಹಾಕಬೇಕೆಂದು ಹವಣಿಸಿದರೆ, ಆಗಸ್ಟ್ ಕೊನೆಗೆ ಹೊಳೆಯ ನೀರು ಇಳಿಯಿತು. ಧೋಂಡಿಯಾ ಮತ್ತೆ ಮಲಪ್ರಭೆ ದಾಟಿ ನಿಜಾಮನ ಸೀಮೆಯತ್ತ ನಡೆದನು. ಕೊನೆಗೆ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಯಲಿನಲ್ಲಿ ಕಾಳಗ ನಡೆದು ಅಲ್ಲಿ ಬಿದ್ದನು. ಆತನ ಎಳೆಯ ಮಗನನ್ನು ವೆಲ್ಲೆಸ್ಲಿ ತಾನೇ ಸಾಕುವ ಏರ್ಪಾಡು ಮಾಡಿದನು.

ಈ ಅನುಭವದ ಮೇಲೆ ವೆಲ್ಲೆಸ್ಲಿ ಒಂದು ದೊಡ್ಡ ಟಿಪ್ಪಣಿ ಬರೆದಿಟ್ಟನು. ಮರಾಠರ ಮೇಲೆ ಯುದ್ಧ ಮಾಡುವುದಾದರೆ ಯಾವಾಗ ಮಾಡಬೇಕು? ಬೇರೆಯವರೆಲ್ಲ ದಸರೆಯ ನಂತರ ಎನ್ನುತ್ತಿದ್ದರೆ ಈತ ಜೂನ್ ತಿಂಗಳು ಎಂದನು. ಸಹ್ಯಾದ್ರಿಯ ಹೊಳೆಗಳು ತುಂಬುವ ಕಾಲಕ್ಕೆ ಸರಿಯಾಗಿ ಆರಂಭಿಸಬೇಕು. ಹೊಳೆ ತುಂಬುವುದಕ್ಕೆ ಮೊದಲೇ ಹರಗೋಲುಗಳನ್ನು ಕಟ್ಟಿಸಿ ದಂಡೆಯಲ್ಲಿ ಇಡಿಸಬೇಕು. ಆಗ ಮರಾಠರ ಕುದುರೆ ಆಚೆ ದಂಡೆಯಲ್ಲಿ ನಿಲ್ಲುತ್ತದೆ, ನಮ್ಮ ಕಾಳಿನ ಹೇರು ಈಚೆ ದಂಡೆಯಲ್ಲಿ ನಿರ್ಭಯವಾಗಿ ಬರುತ್ತದೆ. ಇದು ಆ ಟಿಪ್ಪಣಿಯ ಸಾರ. ಬಿದಿರು ಹೆಣೆದು ಮೇಲೆ ಚರ್ಮ ಹೊದಿಸಿದ ನಮ್ಮ ಹರಗೋಲು ಹೀಗೆ ಯುದ್ಧದ ಸಾಮಾನಾಯಿತು. 1803ರಲ್ಲಿ ಆ ಯುದ್ಧ ನಿಜವಾಗಿಯೂ ಬಂದಾಗ ಅದು ಆರಂಭವಾದದ್ದು ಆಗಸ್ಟ್ ತಿಂಗಳಲ್ಲಿ, ಮಳೆಗಾಲದ ನಡುವೆ.

ಅದೇ ವರ್ಷ ಸೆಪ್ಟೆಂಬರ್ 23ರಂದು ಅಸಾಯಿಯಲ್ಲಿ ವೆಲ್ಲೆಸ್ಲಿಗೆ ಕೈಟ್ನಾ ಎಂಬ ಹೊಳೆ ಅಡ್ಡ ಬಂತು. ಹಾಯುವ ಜಾಗ ಇಲ್ಲವೆಂದು ದಾರಿ ತೋರಿಸುವವರು ಹೇಳಿದರು. ಆತ ದೂರದರ್ಶಕದಿಂದ ನೋಡಿದಾಗ ಈಚೆ ದಂಡೆಯಲ್ಲಿ ಒಂದು ಹಳ್ಳಿ, ಅದರ ಎದುರಿಗೇ ಆಚೆ ದಂಡೆಯಲ್ಲಿ ಇನ್ನೊಂದು ಹಳ್ಳಿ ಕಂಡವು. ಎದುರುಬದುರು ಎರಡು ಊರು ಕೂತಿವೆ ಎಂದಮೇಲೆ ನಡುವೆ ಜನ ಹಾಯುವ ಜಾಗ ಇರಲೇಬೇಕು ಎಂದು ತರ್ಕಿಸಿದನು. ಹೋಗಿ ನೋಡಿದರೆ ಇತ್ತು! ಇದು ಯಾವ ಹಳ್ಳಿಯ ಮುದುಕಿಗಾದರೂ ಹೊಳೆಯುವ ಮಾತು. ಹೆಣ್ಣು ಕೊಟ್ಟು ತರುವ ಊರುಗಳ ನಡುವೆ ಹಾದಿ ಇಲ್ಲದೆ ಇರುತ್ತದೆಯೇ?

ಹನ್ನೆರಡು ವರ್ಷಗಳ ಮೇಲೆ, 1815ರ ಜೂನ್ 18ರಂದು, ಇದೇ ವೆಲ್ಲೆಸ್ಲಿ ಯುರೋಪಿನ ವಾಟರ್ಲೂ ಎಂಬಲ್ಲಿ ನೆಪೋಲಿಯನ್ನನ ಎದುರು ನಿಂತನು. ಹಿಂದಿನ ರಾತ್ರಿಯೆಲ್ಲ ಮಳೆ ಸುರಿದಿತ್ತು. ತೋಫು ಎಳೆಯಲು ನೆಲ ಒಣಗಲೆಂದು ನೆಪೋಲಿಯನ್ನನು ಮಧ್ಯಾಹ್ನದ ಹತ್ತಿರದ ವರೆಗೆ ಕಾಯ್ದನು. ಕಾಯ್ದ ಆ ಹೊತ್ತು ವೆಲ್ಲೆಸ್ಲಿಗೆ ನೆರವಾಗಿ ಪ್ರಶಿಯದ ದಂಡು ಬಂದು ಮುಟ್ಟಲು ಅನುಕೂಲವಾಯಿತು.

ಇನ್ನು ನಮ್ಮ ಕಿತ್ತೂರಿನ ಮಾತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಬಾಗಿಲಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದನು. ಡಿಸೆಂಬರ್ 5ಕ್ಕೆ ಕೋಟೆ ಇಂಗ್ಲಿಷರ ಕೈಸೇರಿತು. ನಡುವೆ ಆರೇ ವಾರ. ಅವು ಕಾರ್ತೀಕ, ಮಾರ್ಗಶಿರದ ದಿನಗಳು. ಎರೆ ನೆಲ ಬಿಗಿದು, ಹಳ್ಳಕೊಳ್ಳ ಇಳಿದು, ದಾರಿಗಳು ತೆರೆಯುವ ಕಾಲ. ಆ ಆರು ವಾರದಲ್ಲಿ ಇಂಗ್ಲಿಷರು ಹಲವು ಕಡೆಯಿಂದ ಪಲಟಣಗಳನ್ನೂ ತೋಫುಗಳನ್ನೂ ತಂದು ಕೋಟೆಯ ಮುಂದೆ ನಿಲ್ಲಿಸಿದರು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಅಷ್ಟು ಬೇಗ ಅವು ಬಂದು ಮುಟ್ಟುತ್ತಿದ್ದವೇ ಎಂಬುದನ್ನು ಎರಿ ಹೊಲದ ಹಾದಿಯಲ್ಲಿ ಚಕ್ಕಡಿ ಹೊಡೆದವರೇ ಹೇಳಬೇಕು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ನಮ್ಮ ಊರಿನಲ್ಲೇ ಇದೆ.

ಇಲ್ಲಿಯ ವರೆಗೆ ಹೇಳಿದ್ದೆಲ್ಲ ವಾಡಿಕೆಯ ಲೆಕ್ಕ. ಜೂನಿನಲ್ಲಿ ಹೊಳೆ ತುಂಬುತ್ತದೆ, ಅಕ್ಟೋಬರಿನಲ್ಲಿ ಇಳಿಯುತ್ತದೆ ಎಂಬುದು ವಾಡಿಕೆ. ಈ ವರ್ಷ, ಈ ವಾರ, ಈ ರಾತ್ರಿ ಏನಾಗುತ್ತದೆ ಎಂದು ಹೇಳುವುದು ಮುನ್ಸೂಚನೆ. ವಾಡಿಕೆ ನಂಬಿದ ವೆಲ್ಲೆಸ್ಲಿಗೆ ಹೊಳೆ ಬೇಗ ಇಳಿದು ಧೋಂಡಿಯಾ ಕೈಜಾರಿದ್ದನ್ನು ನೋಡಿದೆವು. ಮುನ್ಸೂಚನೆಗೆ ದಾರಿಯಾದದ್ದು ತಂತಿ ಟಪಾಲು ಬಂದಮೇಲೆ. ಮಳೆ ಎಲ್ಲಿ ಹತ್ತಿದೆ, ಗಾಳಿಯ ಒತ್ತಡ ಎಲ್ಲಿ ಇಳಿದಿದೆ ಎಂಬ ವರದಿ ಮಳೆಗಿಂತ ಬೇಗ ಓಡತೊಡಗಿತು. ನಮ್ಮ ದೇಶದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ.

ಮುನ್ಸೂಚನೆಯ ಮೇಲೆ ನಿಂತ ಅತಿ ದೊಡ್ಡ ನಿರ್ಧಾರ 1944ರದು. ಹಿಟ್ಲರನ ಕೈಯಲ್ಲಿದ್ದ ಫ್ರಾನ್ಸಿನ ಕರಾವಳಿಗೆ ಮಿತ್ರರಾಷ್ಟ್ರಗಳ ದಂಡು ಸಮುದ್ರ ದಾಟಿ ಇಳಿಯಬೇಕಾಗಿತ್ತು. ಹುಣ್ಣಿಮೆಯ ಬೆಳಕು ಬೇಕು, ಬೆಳಗಿನಲ್ಲಿ ಸಮುದ್ರ ಇಳಿದಿರಬೇಕು. ಅಂಥ ದಿನಗಳು ಜೂನ್ 5, 6, 7 ಮಾತ್ರ. ಸೇನಾಪತಿ ಐಸೆನ್‌ಹೋವರನಿಗೆ ಹವೆಯ ಸಲಹೆ ಕೊಡುವವನು ಜೇಮ್ಸ್ ಸ್ಟ್ಯಾಗ್. ಜೂನ್ 3ರಂದು ಐರ್ಲೆಂಡಿನ ಪಡುವಣ ತುದಿಯ ಬ್ಲ್ಯಾಕ್‌ಸಾಡ್ ಎಂಬ ಹಳ್ಳಿಯ ಟಪಾಲು ಕಚೇರಿಯಲ್ಲಿ ಮಾರೀನ್ ಫ್ಲಾವಿನ್ ಎಂಬ ಹುಡುಗಿ ಎಂದಿನಂತೆ ಗಾಳಿಯ ಒತ್ತಡ ಅಳೆದಳು. ಪಾದರಸ ವೇಗವಾಗಿ ಇಳಿಯುತ್ತಿತ್ತು. ಆಕೆ ಕಂಡದ್ದನ್ನು ಕಂಡಂತೆ ಬರೆದು ಕಳಿಸಿದಳು. ಮತ್ತೊಮ್ಮೆ ನೋಡಿ ಹೇಳೆಂದು ಫೋನು ಬಂತು; ನೋಡಿ ಅದನ್ನೇ ಹೇಳಿದಳು. ಅದು ಯಾರಿಗಾಗಿ, ಏತಕ್ಕಾಗಿ ಎಂಬುದು ಆಕೆಗೆ ಗೊತ್ತಿರಲಿಲ್ಲ. ಬಿರುಗಾಳಿ ಬರುತ್ತಿದೆ ಎಂದು ಸ್ಟ್ಯಾಗ್ ಹೇಳಿದನು. 5ರಂದು ಇಳಿಯಬೇಕಾದ ದಂಡು ನಿಂತಿತು. ಆಮೇಲೆ ನಡುವೆ ಸ್ವಲ್ಪ ತೆರಪು ಸಿಗುತ್ತದೆ ಎಂಬ ಸೂಚನೆ ಬಂತು. ‘ಗಾಳಿ ಬಂದಾಗ ತೂರಿಕೋ’ ಎಂಬಂತೆ ಐಸೆನ್‌ಹೋವರನು ಆ ತೆರಪನ್ನೇ ಹಿಡಿದನು. ಜೂನ್ 6ರಂದು ಸುಮಾರು 1,56,000 ಸೈನಿಕರು ಇಳಿದರು. ಇಂಥ ಹವೆಯಲ್ಲಿ ಯಾರು ಬರುತ್ತಾರೆಂದು ಜರ್ಮನ್ ಸೇನಾಪತಿ ರೊಮೆಲ್ ಹೆಂಡತಿಯ ಹುಟ್ಟುಹಬ್ಬಕ್ಕೆ ಊರಿಗೆ ಹೋಗಿದ್ದನು. ಆ ದಿನ ಬಿಟ್ಟಿದ್ದರೆ ಮುಂದಿನ ಅನುಕೂಲದ ದಿನ ಜೂನ್ 19ರ ಸುಮಾರಿಗೆ. ಅಂದೇ ಅಲ್ಲಿ ಭಯಂಕರ ಬಿರುಗಾಳಿ ಎದ್ದಿತು.

ಅದೇ ವರ್ಷ ನಮ್ಮ ಮೂಡಣ ಗಡಿಯಲ್ಲಿ ಇದರ ವಿರುದ್ಧ ಪಾಠ ನಡೆಯಿತು. ಜಪಾನಿನ ಮುತಗುಚಿ ಎಂಬ ಸೇನಾಪತಿ ಮಾರ್ಚ್ ತಿಂಗಳಲ್ಲಿ, ಸುಮಾರು ಮೂರು ವಾರದ ಬುತ್ತಿಯೊಡನೆ, ಮಳೆಗಾಲದೊಳಗೆ ಇಂಫಾಲ ಹಿಡಿಯುವೆನೆಂದು ಹೊರಟನು. ಹೇರು ಹೊರಲಿಕ್ಕೂ ಆಮೇಲೆ ತಿನ್ನಲಿಕ್ಕೂ ಆಗಲೆಂದು ದನಗಳ ಹಿಂಡು ಹೊಡೆಸಿದನು. ಚಿಂದ್ವಿನ್ ಹೊಳೆ ಹಾಯುವಾಗಲೇ ಬಹಳ ದನ ಮುಳುಗಿದವು. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ರೆಜಿಮೆಂಟಿನ ಒಂದು ಪಲಟಣ ಸಾಂಗ್‌ಶಾಕ್ ಎಂಬಲ್ಲಿ ಆ ದಂಡನ್ನು ತಡೆದವರಲ್ಲಿ ಇತ್ತು. ಹೀಗೆ ದಿನ ಉರುಳಿ ಮಳೆ ಹತ್ತಿತು. ಕಾಳಿಲ್ಲದೆ, ಔಷಧವಿಲ್ಲದೆ, ಕೆಸರಿನ ದಾರಿಯಲ್ಲಿ ಆ ದಂಡು ಜುಲೈಯಲ್ಲಿ ಹಿಂದಿರುಗಿತು. ಹಸಿವು, ರೋಗಗಳಿಂದ ಸತ್ತವರಿಗೆ ಮಿತಿಯಿಲ್ಲ.

ರೈತ ಬಾಂಧವರೆ, ಈ ಕಥೆಗಳಿಂದ ನಮ್ಮ ಮನೆಗೆ ಒಯ್ಯುವುದೇನು? ರೈತರಿಗಾಗಿಯೇ ಆಕಾಶವಾಣಿಯಲ್ಲಿ ಹವಾಮಾನದ ವರದಿ ಕೊಡುವ ಏರ್ಪಾಡು 1945ರಷ್ಟು ಹಿಂದೆಯೇ ಆರಂಭವಾಯಿತು. ಈಗ ಜಿಲ್ಲೆಗಳಿಗೆ ವಾರಕ್ಕೆ ಎರಡು ಸಲ ಕೃಷಿ ಹವಾಮಾನದ ಸಲಹೆ ಬರುತ್ತದೆ, ಮೊಬೈಲಿನಲ್ಲೂ ಬರುತ್ತದೆ. ಅದನ್ನು ಕೇಳುವಾಗ ಮೂರು ಮಾತು ನೆನಪಿಡೋಣ.

ಒಂದು: ಹೊಳೆ ದಂಡೆಯವರು ತಮ್ಮ ಊರಿನ ಮುಗಿಲನ್ನಷ್ಟೇ ನೋಡಬಾರದು, ಖಾನಾಪುರ ಕಡೆಯ ವರದಿಯನ್ನೂ ಕೇಳಬೇಕು. 1972ರಲ್ಲಿ ಮುಗಿದ ನವಿಲುತೀರ್ಥದ ಅಣೆಕಟ್ಟು ಇದೆ ಎಂಬ ಧೈರ್ಯದ ಮೇಲೆ ಕೂಡ್ರುವಂತಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಮುನವಳ್ಳಿಯಲ್ಲೂ ರಾಮದುರ್ಗದಲ್ಲೂ ಮನೆಯೊಳಗೆ ಬಂದದ್ದನ್ನು ಕಂಡವರು ನಾವೇ. ನೀರು ಬಿಡುತ್ತೇವೆ ಎಂಬ ಡಂಗುರ ಕೇಳಿದ ಕೂಡಲೆ ಮೊದಲು ಮಕ್ಕಳು ಮುದುಕರು, ಆಮೇಲೆ ದನಕರು, ಆಮೇಲೆ ಕಾಳಿನ ಚೀಲ. ಪಂಪಿನ ಮೋಟಾರು ಕೊನೆಗೆ.

ಎರಡು: ಹರಗೋಲು ಹೊಳೆ ತುಂಬುವ ಮೊದಲೇ ಕಟ್ಟಬೇಕು. ಬೀಜ, ಗೊಬ್ಬರ, ಕೂರಿಗೆಯ ದುರಸ್ತಿ, ಹೊಲದ ಒಡ್ಡು, ನೀರು ಹೋಗುವ ಕಾಲುವೆ ಇವು ಮಿರಗದ ಮುಂಚೆಯೇ ಆಗಿದ್ದರೆ ಮುನ್ಸೂಚನೆ ಕೆಲಸಕ್ಕೆ ಬರುತ್ತದೆ. ಸಿದ್ಧತೆ ಇಲ್ಲದವನಿಗೆ ಸರಿಯಾದ ಸುದ್ದಿ ತಿಳಿದೂ ಲಾಭವಿಲ್ಲ.

ಮೂರು: ಮುನ್ಸೂಚನೆ ವಚನವಲ್ಲ. ನಾಳಿನದು ನಂಬಬಹುದು, ಐದು ದಿನದ್ದು ನೋಡಿ ನಡೆಯಬಹುದು, ಅದರಾಚೆಗಿನದು ಅಂದಾಜು. ‘ಹೋದ ಸಲ ಹೇಳಿದ್ದು ಹುಸಿ ಆತು, ಈ ಸಲ ಯಾಕ ಕೇಳಬೇಕು’ ಎನ್ನುವುದು ಸರಿಯಲ್ಲ. ಹೇಳಿದರೆಂದು ಇದ್ದ ಬೀಜವನ್ನೆಲ್ಲ ಒಂದೇ ದಿನ ಒಣ ನೆಲದಲ್ಲಿ ಸುರಿಯುವುದೂ ಸರಿಯಲ್ಲ. ಹದ ನೋಡಿ ಬಿತ್ತಬೇಕು, ಸ್ವಲ್ಪ ಬೀಜ ಕೈಯಲ್ಲಿ ಉಳಿಸಿಕೊಂಡು ಬಿತ್ತಬೇಕು.

ದಂಡಿನವರು ಮಳೆಯ ಲೆಕ್ಕ ಕಲಿತದ್ದು ಕೊಲ್ಲಲಿಕ್ಕೆ ಮತ್ತು ಗೆಲ್ಲಲಿಕ್ಕೆ. ನಾವು ಅದನ್ನು ಬೆಳೆಯಲಿಕ್ಕೆ, ಬದುಕಲಿಕ್ಕೆ ಉಪಯೋಗಿಸೋಣ. ಇಂದಿನ ಹವಾಮಾನದ ವರದಿ ಮನೆಯ ಗಂಡಸರಷ್ಟೇ ಅಲ್ಲ, ಹೆಂಗಸರೂ ಕೇಳಲಿ. ರಾಶಿ ಒಣಹಾಕುವವರು, ಹಪ್ಪಳ ಸಂಡಿಗೆ ಹಾಕುವವರು, ಮೇವಿನ ಬಣವೆ ಕಾಯುವವರು ಅವರೇ ಅಲ್ಲವೇ? ಕೇಳಿದ್ದನ್ನು ನೆರೆಮನೆಗೂ ಹೇಳಿರಿ.